ಪ್ರಶ್ನೆ ಮಗಳದ್ದು, ಕೇಳಿದ್ದು ಅಮ್ಮನನ್ನ

ಹೋದ ವರ್ಷ ಅಕ್ಕನ ಮಗಳನ್ನ ಕರೆದುಕೊಂಡು ಹೆಂಗಸರ ಓಪಿಡಿಗೆ ಹೋಗಿದ್ದೆವು. ಅವಳಿಗೆ 19 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜತೆಗೆ ಫಿಟ್ಸ್. ಮಾತು ನಿಧಾನ, ಸ್ವಲ್ಪ ಎಳೆದ ಹಾಗೆ. ತಲೆ ಮಾತ್ರ ಚುರುಕು, ಬಿಕಾಂ ಎರಡನೇ ವರ್ಷ ಓದ್ತಿದ್ದಾಳೆ. ಕೆಲವು ತಿಂಗಳಿಂದ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಅದಕ್ಕೇ ಹೋಗಿದ್ದು.

ಡಾಕ್ಟರ್ ಚೀಟಿ ನೋಡಿದರು. ವೀಲ್‌ಚೇರ್ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಇವಳಿಗೆ ಕೊನೇ ಸಲ ಯಾವಾಗ ಆಯ್ತಮ್ಮ?"

ಅಕ್ಕ ಲೆಕ್ಕ ಹಾಕುತ್ತಿದ್ದಳು. ಮಗಳು "ಮಾರ್ಚ್..." ಅಂತ ಶುರು ಮಾಡಿದಳು. ಅವಳು ತಾರೀಕು ಹೇಳುವಷ್ಟರಲ್ಲಿ ಡಾಕ್ಟರ್ ಮುಂದಿನ ಪ್ರಶ್ನೆಗೆ ಹೋಗಿಯಾಗಿತ್ತು.

"ಪ್ಯಾಡ್ ನೀವೇ ಚೇಂಜ್ ಮಾಡ್ತೀರಾ?"

"ಇಲ್ಲ ಮೇಡಂ, ಅವಳೇ ಮಾಡ್ಕೋತಾಳೆ."

"ಕಷ್ಟ ಆಗ್ತಿದ್ರೆ ಹೇಳಿ. ಗರ್ಭಕೋಶ ತೆಗೆಸಿಬಿಡಬಹುದು. ಇವಳಿಗೆ ಮುಂದೆ ಅದೇನೂ ಬೇಕಾಗಲ್ವಲ್ಲ."

ಹಾಗೆ ಹೇಳಿದವರು ಕೆಟ್ಟವರೇನಲ್ಲ. ಅಕ್ಕನ ಕಷ್ಟ ಕಡಿಮೆಯಾಗಲಿ ಅಂತಲೇ ಹೇಳಿದ್ದು. ಬಾಗಿಲ ಆಚೆ ಇನ್ನೂ ದೊಡ್ಡ ಸಾಲು ಕಾಯುತ್ತಿತ್ತು. ನನಗೆ ತಲೆ ಕೆಡಿಸಿದ್ದೂ ಅದೇ. ಕೆಟ್ಟ ಡಾಕ್ಟರಾಗಿದ್ದರೆ ಬೈದುಕೊಂಡು ಬೇರೆ ಕಡೆ ಹೋಗಬಹುದಿತ್ತು. ಒಳ್ಳೇ ಡಾಕ್ಟರಿಗೂ ಎದುರಿಗೆ ಕೂತಿರುವವಳು 19ರ ಹುಡುಗಿ ಅಂತ ಕಾಣದೇ ಹೋದರೆ, ಅದು ಕಲಿಕೆಯಲ್ಲೇ ಇರುವ ಹುಳುಕು.

ಅಂಗವೈಕಲ್ಯ ಇರುವ ಮಗು ನಮ್ಮ ಕಣ್ಣಿಗೆ ಯಾವತ್ತೂ ಮಗುವೇ. ಅದು ಹೆಣ್ಣೂ ಅಲ್ಲ, ಗಂಡೂ ಅಲ್ಲ, ದೊಡ್ಡದೂ ಆಗುವುದಿಲ್ಲ. ಮನೆಯವರು ಹಾಗೆ ಅಂದುಕೊಂಡರೆ ಪ್ರೀತಿ ಅನ್ನಬಹುದು. ಡಾಕ್ಟರ್ ಅಂದುಕೊಂಡರೆ ಚಿಕಿತ್ಸೆಯೇ ತಪ್ಪುತ್ತದೆ.

ಕಾನೂನಿನಲ್ಲಿ ಕೊರತೆ ಇಲ್ಲ. ಅಂಗವೈಕಲ್ಯ ಇರುವವರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನ ಭಾರತ 2007ರಲ್ಲೇ ಒಪ್ಪಿಕೊಂಡಿದೆ. ಅದರ 25ನೇ ವಿಧಿ ವೈದ್ಯರಿಗೆ ತರಬೇತಿ ಕೊಡಿ ಅಂತಲೇ ಹೇಳುತ್ತದೆ. ನಮ್ಮದೇ 2016ರ ಅಂಗವೈಕಲ್ಯ ಇರುವವರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. 10ನೇ ಸೆಕ್ಷನ್ ಪ್ರಕಾರ, ಪೂರ್ತಿ ತಿಳಿದು ಸ್ವಂತ ಇಚ್ಛೆಯಿಂದ ಒಪ್ಪದೇ ಇದ್ದರೆ, ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವ ಹಾಗಿಲ್ಲ. ಅಂಗವೈಕಲ್ಯ ಇರುವ ಹೆಣ್ಣಿಗೆ ಅವಳ ಸ್ಪಷ್ಟ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದರೆ 92ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ತೀವ್ರ ಅಂಗವೈಕಲ್ಯ ಇದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕು ಅನ್ನುವ ವಿನಾಯಿತಿಯೂ ಅಲ್ಲೇ ಇದೆ, ಆ ಕಿಂಡಿ ಸಣ್ಣದೇನಲ್ಲ. ಇನ್ನು 47ನೇ ಸೆಕ್ಷನ್ ಡಾಕ್ಟರು, ನರ್ಸುಗಳ ಓದಿನಲ್ಲಿ ಅಂಗವೈಕಲ್ಯದ ವಿಷಯ ಸೇರಿಸಿ ಅನ್ನುತ್ತದೆ. ಎಲ್ಲಾ ಇದೆ. ಓಪಿಡಿಯಲ್ಲಿ ಮಾತ್ರ ಇಲ್ಲ.

ಯಾಕೆ ಇಲ್ಲ ಅನ್ನುವುದಕ್ಕೆ ಎಂಬಿಬಿಎಸ್ ಪಠ್ಯಕ್ರಮದ ಕಥೆ ನೋಡಬೇಕು. ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಫಿಸಿಯಾಲಜಿ ಪ್ರೊಫೆಸರ್ ಆಗಿರುವ ಡಾ. ಸತೇಂದ್ರ ಸಿಂಗ್ ಅವರಿಗೇ ಪೋಲಿಯೊ ಆಗಿತ್ತು. ಅವರ ತಂಡ ಅಂಗವೈಕಲ್ಯ ಇರುವವರನ್ನ, ಅಂಗವೈಕಲ್ಯ ಇರುವ ಡಾಕ್ಟರುಗಳನ್ನ, ವೈದ್ಯಕೀಯ ಶಿಕ್ಷಕರನ್ನ ಒಟ್ಟಿಗೆ ಕೂರಿಸಿ ಕೇಳಿತು. ಹೊಸ ಡಾಕ್ಟರಿಗೆ ಏನು ಗೊತ್ತಿರಬೇಕು ಅಂತ 27 ಅಂಶಗಳ ಪಟ್ಟಿ ಮಾಡಿತು. 2019ರಲ್ಲಿ ಪಠ್ಯಕ್ರಮ ಬದಲಾದಾಗ, ಮೊದಲ ವರ್ಷದವರ ಫೌಂಡೇಶನ್ ಕೋರ್ಸಿನಲ್ಲಿ ಅಂಗವೈಕಲ್ಯಕ್ಕೆ ಏಳು ಗಂಟೆ ಸಿಕ್ಕಿತು.

ಏಳು ಗಂಟೆ. ಅದೂ ಕಾಲೇಜು ಸೇರಿದ ಮೊದಲ ತಿಂಗಳಲ್ಲಿ. ಇನ್ನೂ ಒಬ್ಬ ರೋಗಿಯನ್ನೂ ಮುಟ್ಟಿರದ, ಹಾಸ್ಟೆಲ್ ಊಟಕ್ಕೇ ಹೊಂದಿಕೊಳ್ಳದ ಹುಡುಗ ಹುಡುಗಿಯರಿಗೆ. ಆದರೂ ಏನೋ ಒಂದು ಇತ್ತಲ್ಲ. 2024ರ ಆಗಸ್ಟ್ 31ಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ಮಾರ್ಗಸೂಚಿ ಹೊರಡಿಸಿದಾಗ ಅದೂ ಕಾಣೆಯಾಗಿತ್ತು. ಅದೇ ಮಾರ್ಗಸೂಚಿಯಲ್ಲಿ ಸಲಿಂಗ ಸಂಬಂಧವನ್ನ ಅಸಹಜ ಲೈಂಗಿಕ ಅಪರಾಧಗಳ ಸಾಲಿಗೆ ಮತ್ತೆ ಸೇರಿಸಿದ್ದರು! ಗಲಾಟೆಯಾಯಿತು. ಸೆಪ್ಟೆಂಬರ್ 5ಕ್ಕೆ ಇಡೀ ಮಾರ್ಗಸೂಚಿ ವಾಪಸ್, ಮುಂದಿನ ವಾರ ತಿದ್ದಿದ ಪ್ರತಿ. ಅಂಗವೈಕಲ್ಯದ ಪಾಠವೂ ಲಿಂಗದ ಪಾಠವೂ ಒಂದೇ ದಿನ, ಒಂದೇ ಕಡತದಲ್ಲಿ ಎಡವಿದ್ದು ಬರೀ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಎರಡನ್ನೂ ನಮ್ಮಲ್ಲಿ ಒಗ್ಗರಣೆಯ ಹಾಗೆ ಮೇಲಿಂದ ಹಾಕುತ್ತಾರೆ. ಇದ್ದರೆ ಘಮ, ಇಲ್ಲದಿದ್ದರೂ ಊಟ ನಡೆಯುತ್ತೆ.

ಮೆಡಿಕಲ್ ಕಾಲೇಜಿನಲ್ಲಿ ಓದಿದವರನ್ನ ಕೇಳಿ ನೋಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬರದ ವಿಷಯವನ್ನ ಯಾರೂ ಓದುವುದಿಲ್ಲ. ಏಳು ಗಂಟೆಯ ಪಾಠಕ್ಕೆ ಹಾಜರಾತಿ ಇತ್ತೇ ಹೊರತು, ರೋಗಿಯನ್ನ ಎದುರಿಗೆ ಕೂರಿಸಿ ನಡೆಸುವ ಲಾಂಗ್ ಕೇಸ್ ಪರೀಕ್ಷೆಯಲ್ಲಿ ವೀಲ್‌ಚೇರಿನ ಹುಡುಗಿ ಬರಲೇ ಇಲ್ಲ.

ಇದನ್ನ ಬರೀ ಸಹಾನುಭೂತಿಯ ವಿಷಯ ಅಂದುಕೊಳ್ಳಬೇಡಿ. ಇದರಲ್ಲಿ ಗಟ್ಟಿ ವೈದ್ಯಶಾಸ್ತ್ರವೇ ಇದೆ. ಅಕ್ಕನ ಮಗಳು ಫಿಟ್ಸ್‌ಗೆ ತೆಗೆದುಕೊಳ್ಳುತ್ತಿದ್ದದ್ದು ವಾಲ್‌ಪ್ರೊಯೇಟ್. ಒಳ್ಳೇ ಔಷಧಿ, ನಮ್ಮಲ್ಲಿ ಎಲ್ಲಾ ಕಡೆ ಬರೆಯುತ್ತಾರೆ. ಆದರೆ ಹರೆಯದ ಹುಡುಗಿಯರಲ್ಲಿ ಅದು ಮುಟ್ಟನ್ನ ಏರುಪೇರು ಮಾಡಬಹುದು, ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಜತೆಗೂ ಅದಕ್ಕೆ ನಂಟಿದೆ. ಗರ್ಭಿಣಿಯಾದಾಗ ಅದನ್ನ ತೆಗೆದುಕೊಂಡರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟುದೋಷ ಬರುತ್ತದೆ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು. ಮುಂದೆ ಬಸುರಾಗಬಲ್ಲ ಹುಡುಗಿಯರಿಗೆ ಇದನ್ನ ಶುರು ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. (ಓದುತ್ತಿರುವವರು ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸುಮ್ನೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಬಹುದು. ಡಾಕ್ಟರ ಹತ್ತಿರ ಮಾತಾಡಿ.) ಮುಟ್ಟಿನ ತೊಂದರೆ ಅಂತ ಬಂದವಳ ಹತ್ತಿರ ಮಾತ್ರೆಯ ಹೆಸರನ್ನೂ ಕೇಳದೆ ಗರ್ಭಕೋಶದ ಆಪರೇಷನ್‌ವರೆಗೆ ಹೋದರಲ್ಲ, ಅದನ್ನ ಏನನ್ನಬೇಕು?

ಹೀಗೆ ಇನ್ನೂ ಇವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜಪೈನ್, ಫೆನಿಟಾಯಿನ್ ಮಾತ್ರೆಗಳು ಗರ್ಭನಿರೋಧಕ ಮಾತ್ರೆಯ ಬಲ ತಗ್ಗಿಸುತ್ತವೆ. ದಿನವಿಡೀ ಕೂತೇ ಇರುವ ಹುಡುಗಿಗೆ ಈಸ್ಟ್ರೊಜೆನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಕೊಡುವ ಮುಂಚೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಯೋಚಿಸಬೇಕು. ಹಾಗಂತ ಮೂರು ತಿಂಗಳಿಗೊಮ್ಮೆಯ ಗರ್ಭನಿರೋಧಕ ಇಂಜೆಕ್ಷನ್ ಬರೆದರೆ, ಮೊದಲೇ ಸವೆದಿರುವ ಮೂಳೆ ಇನ್ನೂ ಸವೆಯಬಹುದು. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ತೊಂದರೆ) ಇರುವವರಲ್ಲಿ ಲೇಟೆಕ್ಸ್ ರಬ್ಬರಿನ ಅಲರ್ಜಿ ಜಾಸ್ತಿ. ಅಂದರೆ ಡಾಕ್ಟರ ಕೈಗವಸೇ ಅಪಾಯ, ಮಾಮೂಲಿ ಕಾಂಡೋಮೂ ಅಪಾಯ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಳಪರೀಕ್ಷೆ ಮಾಡುವಾಗ ಬಿಪಿ ಏಕ್‌ದಮ್ ಏರಿ ಜೀವಕ್ಕೇ ಕುತ್ತು ಬರಬಹುದು. ಅವಳಿಗೆ ನೋವು ಗೊತ್ತಾಗುವುದಿಲ್ಲ, ಬರೀ ತಲೆನೋವು, ಬೆವರು. "ಹೆದರಿಕೊಂಡಿದ್ದಾಳೆ" ಅಂತ ಪರೀಕ್ಷೆ ಮುಂದುವರಿಸಿದರೆ ಕೆಟ್ಟಿತು.

ಇಷ್ಟಕ್ಕೂ ಪರೀಕ್ಷೆಯ ಮೇಜು ಹತ್ತುವುದೇ ಒಂದು ಕಥೆ. ಎತ್ತರದ ಕಬ್ಬಿಣದ ಮೇಜು, ಕೆಳಗೆ ಎರಡು ಮೆಟ್ಟಿಲಿನ ಸ್ಟೂಲ್, ಮೇಲೆ ಜಾರುವ ರೆಕ್ಸಿನ್. ಅಕ್ಕನ ಮಗಳನ್ನ ಎತ್ತಿ ಕೂರಿಸಿದ್ದು ಒಬ್ಬ ವಾರ್ಡ್‌ಬಾಯ್. ಅವನನ್ನ ಕರೆಯುವ ಮುಂಚೆ ಅವಳನ್ನ ಯಾರೂ ಕೇಳಲಿಲ್ಲ. ಸ್ನಾಯು ಬಿಗಿ ಇರುವವರನ್ನ ಮಗ್ಗುಲಾಗಿ ಮಲಗಿಸಿ ಪರೀಕ್ಷೆ ಮಾಡಬಹುದು, ಎಷ್ಟೋ ಸಲ ಹೊಟ್ಟೆಯ ಮೇಲಿನ ಸ್ಕ್ಯಾನೇ ಸಾಕು. ಎತ್ತುವ ಮುಂಚೆ "ನಿನಗೆ ಹೇಗೆ ಎತ್ತಿದರೆ ಸರಿ?" ಅಂತ ಕೇಳುವುದಕ್ಕೆ ದುಡ್ಡೂ ಬೇಡ, ಮಿಷಿನ್ನೂ ಬೇಡ.

ಗರ್ಭಕೋಶ ತೆಗೆಸುವ ಮಾತಿಗೆ ವಾಪಸ್ ಬರ್ತೀನಿ, ಅದನ್ನ ಹಾಗೇ ಬಿಡೋಕಾಗಲ್ಲ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ಅಸಾಮರ್ಥ್ಯದ ಹಲವು ಯುವತಿಯರ ಗರ್ಭಕೋಶ ತೆಗೆದರು. ಮುಟ್ಟಿನ ಸಮಯದಲ್ಲಿ ಅವರು ಸ್ವಚ್ಛತೆ ನೋಡಿಕೊಳ್ಳುವುದಿಲ್ಲ ಅನ್ನುವುದೇ ಕಾರಣ. ದೇಶವಿಡೀ ಚರ್ಚೆಯಾಯಿತು, ಮಹಿಳಾ ಸಂಘಟನೆಗಳು ಬೀದಿಗಿಳಿದವು. ಮೂವತ್ತು ವರ್ಷವಾದ ಮೇಲೂ ಅದೇ ಸಲಹೆ ನಮ್ಮಕ್ಕನಿಗೆ ಸಿಕ್ಕಿತು. ಕೇಳಿ ಕೊಟ್ಟದ್ದೂ ಅಲ್ಲ, ಚೀಟಿಯ ಜತೆ ಪುಕ್ಕಟೆ.

ಅಮ್ಮಂದಿರನ್ನ ದೂರುವುದಕ್ಕೆ ನನಗೆ ಮನಸ್ಸಿಲ್ಲ. ಇಪ್ಪತ್ತು ವರ್ಷದ ಮಗಳ ರಕ್ತದ ಬಟ್ಟೆ ತೊಳೆಯುತ್ತಾ, ನಾನು ಸತ್ತ ಮೇಲೆ ಇವಳ ಗತಿ ಏನು ಅಂತ ಯೋಚಿಸುವವಳಿಗೆ "ಹಕ್ಕು" ಅನ್ನುವ ಪದ ದೂರದ್ದಾಗಿ ಕೇಳುತ್ತದೆ. ಅವಳ ಇನ್ನೊಂದು ಭಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರಾದರೂ ಕೆಡಿಸಿದರೆ, ಬಸುರಾದರೆ? ಆದರೆ ಗರ್ಭಕೋಶ ತೆಗೆದರೆ ಬಸುರು ತಪ್ಪಬಹುದು, ಅತ್ಯಾಚಾರ ತಪ್ಪುವುದಿಲ್ಲ. ಗುಟ್ಟು ಹೊರಬೀಳುವ ದಾರಿ ಮುಚ್ಚಿದ್ದರಿಂದ ಕೈಹಾಕುವವನಿಗೆ ಇನ್ನೂ ಧೈರ್ಯ ಬರುತ್ತದೆ. ಡಾಕ್ಟರ್ ಇದನ್ನ ಅಮ್ಮನ ಎದುರು ಕೂತು, ಅವಳ ದಣಿವನ್ನ ಒಪ್ಪಿಕೊಂಡು, ಮೆಲ್ಲಗೆ ಬಿಡಿಸಿ ಹೇಳಬೇಕು. ರಕ್ತಸ್ರಾವ ಕಡಿಮೆ ಮಾಡುವ ಔಷಧಿ ಇದೆ, ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಇದೆ, ಪ್ಯಾಡ್ ಬದಲಿಸುವುದನ್ನ ಚಿತ್ರದ ಮೂಲಕ ಹಂತ ಹಂತವಾಗಿ ಕಲಿಸಬಹುದು. ಈ ಹತ್ತು ನಿಮಿಷದ ಮಾತುಕತೆಯನ್ನ ಯಾವ ಪ್ರೊಫೆಸರೂ ವಾರ್ಡಿನಲ್ಲಿ ಮಾಡಿ ತೋರಿಸಿದ್ದನ್ನ ನಾನು ಕೇಳಿಲ್ಲ.

ಒಪ್ಪಿಗೆಯ ಪ್ರಶ್ನೆಯನ್ನ ಸುಪ್ರೀಂ ಕೋರ್ಟ್ 2009ರಲ್ಲೇ ಮುಟ್ಟಿದೆ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಅಲ್ಪ ಬೌದ್ಧಿಕ ಅಸಾಮರ್ಥ್ಯ ಇದ್ದ ಯುವತಿ ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾಗಿದ್ದಳು. ಗರ್ಭಪಾತ ಮಾಡಿಸಿ ಅಂತ ಹೈಕೋರ್ಟ್ ಹೇಳಿತ್ತು. ಅವಳಿಗೆ ಮಗು ಬೇಕಿತ್ತು. ಅವಳ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತಡೆಯಿತು. ಮಾನಸಿಕ ಕಾಯಿಲೆ ಬೇರೆ, ಬೌದ್ಧಿಕ ಅಸಾಮರ್ಥ್ಯ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತಲೂ ಹೇಳಿತು.

ಈಗ ನಮ್ಮ ಭಾಷೆಯ ವಿಷಯ. ಡಾಕ್ಟರುಗಳು ಓದುವುದು ಇಂಗ್ಲಿಷಿನಲ್ಲಿ, ಕೊನೇ ಸಲ ಮುಟ್ಟಾದ ದಿನಕ್ಕೆ ಎಲ್‌ಎಂಪಿ ಅಂತ ಬರೆದುಕೊಳ್ಳುವುದಕ್ಕೆ ಕಲಿಯುತ್ತಾರೆ. ಅದನ್ನ ಕನ್ನಡದಲ್ಲಿ ಕೇಳುವಾಗ ನಾಚಿಕೆ. ನಾವಾದರೂ ಕಡಿಮೆಯೇ? ಮುಟ್ಟಿಗೆ "ಹೊರಗಾದಳು" ಅಂತೀವಿ, "ತಿಂಗಳ ರಜೆ" ಅಂತೀವಿ, "ಕಾಗೆ ಮುಟ್ಟಿತು" ಅಂತೀವಿ. ಆಟಿಸಂ ಇರುವ, ಮಾತನ್ನ ಇದ್ದ ಹಾಗೇ ಅರ್ಥ ಮಾಡಿಕೊಳ್ಳುವ ಹುಡುಗಿಗೆ ಕಾಗೆ ಮುಟ್ಟಿತಾ ಅಂತ ಕೇಳಿದರೆ ಅವಳು ಇಲ್ಲ ಅಂತಾಳೆ. ಅವಳು ಹೇಳಿದ್ದು ನಿಜವೇ, ಯಾವ ಕಾಗೆಯೂ ಮುಟ್ಟಿಲ್ಲ. ಒಳಗಿನ ಅಂಗಗಳಿಗೆ ಮನೆಯಲ್ಲಿ ಹೆಸರೇ ಇಲ್ಲದಿದ್ದರೆ, ಯಾರೋ ಅಲ್ಲಿ ಕೈಹಾಕಿದ್ದನ್ನ ಆ ಮಗು ಯಾವ ಪದದಲ್ಲಿ ಹೇಳಬೇಕು? ಕಿವಿ ಕೇಳದ ಹುಡುಗಿಯರದ್ದು ಇನ್ನೊಂದು ಪಾಡು. ಸನ್ನೆ ಭಾಷೆ ಬರುವವರು ಆಸ್ಪತ್ರೆಯಲ್ಲಿ ಇರುವುದಿಲ್ಲ, ಹಾಗಾಗಿ ಅಣ್ಣನೇ ದುಭಾಷಿ. ಬಿಳಿ ಸೆರಗಿನ ವಿಷಯವನ್ನ ಅಣ್ಣನ ಕೈಯಲ್ಲಿ ಹೇಳಿಸುವುದಾ? ಅವಳು ಹೊಟ್ಟೆನೋವು ಅಂದು ಮುಗಿಸುತ್ತಾಳೆ. ಡಾಕ್ಟರ್ ಹೊಟ್ಟೆನೋವಿಗೆ ಮಾತ್ರೆ ಬರೆಯುತ್ತಾರೆ. ತರಬೇತಿ ಅಂದರೆ ಮೊದಲು ಇಷ್ಟು: ನಾಲ್ಕು ನೇರ ಪದ, ಒಂದಿಷ್ಟು ಚಿತ್ರ, ಕಾಯುವ ತಾಳ್ಮೆ.

ಗಂಡುಮಕ್ಕಳನ್ನ ಮರೆತೆ ಅಂದುಕೊಳ್ಳಬೇಡಿ. ಲಿಂಗಸೂಕ್ಷ್ಮತೆ ಅಂದರೆ ಹೆಂಗಸರ ವಿಷಯ ಅಂತ ಬೋರ್ಡ್ ಹಾಕಿಬಿಟ್ಟಿದ್ದೇವೆ. ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ 22ರ ಹುಡುಗನಿಗೆ ಎಲ್ಲರೂ ಮೂತ್ರದ ಪೈಪಿನ ಬಗ್ಗೆ ಹೇಳಿಕೊಡುತ್ತಾರೆ. ಮದುವೆಯಾಗಬಹುದಾ, ಮಕ್ಕಳಾಗುತ್ತವಾ ಅನ್ನುವ ಅವನ ಪ್ರಶ್ನೆಗೆ "ಧೈರ್ಯವಾಗಿರಪ್ಪ" ಅನ್ನುವ ಉತ್ತರ. ಅವನಿಗೆ ಬೇಕಿದ್ದದ್ದು ಧೈರ್ಯವಲ್ಲ, ಮಾಹಿತಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಅಂತ ಭೇದ ಮಾಡುವುದಿಲ್ಲ, ಆದರೆ ಬೌದ್ಧಿಕ ಅಸಾಮರ್ಥ್ಯದ ಹುಡುಗ ಇದ್ದಕ್ಕಿದ್ದಂತೆ ಸಿಟ್ಟು ಮಾಡಿಕೊಳ್ಳಲು ಶುರು ಮಾಡಿದರೆ ಮೊದಲು ಹೊಳೆಯುವುದು ನಿದ್ದೆ ಮಾತ್ರೆ. ಇನ್ನು ಆಟಿಸಂ ವಿಷಯದಲ್ಲಿ ಮೋಸ ಹೋಗುವವರು ಹುಡುಗಿಯರು. ಒಬ್ಬ ಹುಡುಗಿಗೆ ನಾಲ್ಕು ಹುಡುಗರು ಅಂತ ಹಳೇ ಲೆಕ್ಕ, ಆಮೇಲಿನ ಅಧ್ಯಯನಗಳು ಮೂರರ ಹತ್ತಿರ ಅನ್ನುತ್ತವೆ. ಹುಡುಗಿಯರದ್ದು ಗುರುತೇ ಆಗುವುದಿಲ್ಲ. "ಪಾಪ, ನಾಚಿಕೆ ಸ್ವಭಾವ" ಅಂತ ಮುಗಿಯುತ್ತದೆ.

ಕೆಳಹಂತದಲ್ಲಿ ವ್ಯವಸ್ಥೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. 2013ರಲ್ಲಿ ಬಂದ ಆರ್‌ಬಿಎಸ್‌ಕೆ ಯೋಜನೆಯ ತಂಡಗಳು ಶಾಲೆ, ಅಂಗನವಾಡಿಗೆ ಹೋಗಿ 18 ವರ್ಷದವರೆಗಿನ ಮಕ್ಕಳ ಅಂಗವೈಕಲ್ಯ ಪತ್ತೆ ಮಾಡುತ್ತವೆ. 2014ರ ಆರ್‌ಕೆಎಸ್‌ಕೆ ಯೋಜನೆ 10ರಿಂದ 19 ವರ್ಷದವರಿಗೆ, ನಮ್ಮಲ್ಲಿ ಅದರ ಕೇಂದ್ರಗಳಿಗೆ ಸ್ನೇಹ ಕ್ಲಿನಿಕ್ ಅಂತ ಹೆಸರು. ಮುಟ್ಟು, ಗರ್ಭನಿರೋಧ, ಮನಸ್ಸಿನ ಆರೋಗ್ಯ ಎಲ್ಲಾ ಅಲ್ಲಿ ಮಾತಾಡಬಹುದು. ಒಂದು ಕಡತ ಅಂಗವೈಕಲ್ಯದ್ದು, ಇನ್ನೊಂದು ಹರೆಯದ್ದು. ಎರಡೂ ಇರುವ ಹುಡುಗಿ ಯಾವ ಕಡತಕ್ಕೆ? ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ವಿಆರ್‌ಡಬ್ಲ್ಯು ಅಂತಾರೆ, ಅವರೂ ಹೆಚ್ಚಿನವರು ಅಂಗವೈಕಲ್ಯ ಇರುವವರೇ. ಪಿಂಚಣಿ, ಯುಡಿಐಡಿ ಅನ್ನುವ ಅಂಗವೈಕಲ್ಯದ ಗುರುತಿನ ಕಾರ್ಡು ಅಂತ ಮನೆ ಮನೆ ಅವರಿಗೆ ಗೊತ್ತು. ಆಶಾಗೆ ಹೆರಿಗೆ, ಲಸಿಕೆಯ ಮನೆಗಳು ಗೊತ್ತು. ಇಬ್ಬರನ್ನೂ ಒಂದು ದಿನ ಒಂದೇ ಕೋಣೆಯಲ್ಲಿ ಕೂರಿಸಿ ತರಬೇತಿ ಕೊಟ್ಟರೆ, ದೊಡ್ಡ ಆಸ್ಪತ್ರೆಯ ಡಾಕ್ಟರಿಗಿಂತ ಮುಂಚೆ ಇವರೇ ಹುಡುಗಿಯನ್ನ ಸ್ನೇಹ ಕ್ಲಿನಿಕ್‌ಗೆ ಕರೆತರಬಹುದು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ಜನ ಅಂಗವೈಕಲ್ಯ ಇರುವವರು. ಆಗ ಲೆಕ್ಕಕ್ಕೆ ತೆಗೆದುಕೊಂಡ ವಿಧಗಳು ಎಂಟೇ, 2016ರ ಕಾಯ್ದೆಯಲ್ಲಿ 21.

ಕಲಿಸುವವರು ಯಾರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಪವರ್‌ಪಾಯಿಂಟ್ ಬೇಡ. ಅಂಗವೈಕಲ್ಯ ಇರುವ ಯುವತಿಯರೇ, ಸಂಬಳ ತೆಗೆದುಕೊಂಡು, ತರಗತಿಗೆ ಬಂದು ರೋಗಿಯ ಕುರ್ಚಿಯಲ್ಲಿ ಕೂರಲಿ. ಜತೆಗೆ ಒಬ್ಬರು ಅಮ್ಮನ ಪಾತ್ರ ಮಾಡಿ ನಡುನಡುವೆ ಬಾಯಿ ಹಾಕಲಿ. ವಿದ್ಯಾರ್ಥಿ ಯಾರನ್ನ ನೋಡಿ ಪ್ರಶ್ನೆ ಕೇಳಿದ, ಮೈ ಮುಟ್ಟುವ ಮುಂಚೆ ಹೇಳಿದನಾ, ಅಮ್ಮನಿಗೆ ಬೇಸರವಾಗದ ಹಾಗೆ ಆಚೆ ಕಳಿಸಿದನಾ, ಇದಕ್ಕೆ ಅಂಕ. 18 ತುಂಬದವರಾದರೆ ಇನ್ನೊಂದು ಸೂಕ್ಷ್ಮ ಇದೆ. ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ "ಯಾರಿಗೂ ಹೇಳಲ್ಲ" ಅಂತ ಸುಳ್ಳು ಭರವಸೆ ಕೊಟ್ಟವನಿಗೆ ಅಂಕ ಕಳೆಯಬೇಕು. ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನ ಪಠ್ಯಕ್ರಮದಿಂದಲೇ ಕಿತ್ತುಹಾಕುವ ಹಾಗೆ ನೋಡಿಕೊಳ್ಳಿ ಅಂದಿತ್ತು. ಕಿತ್ತ ಜಾಗದಲ್ಲಿ ನೆಡುವುದಕ್ಕೆ ಇದಕ್ಕಿಂತ ಒಳ್ಳೇ ಸಸಿ ಬೇಕಾ?

ಅಂಗವೈಕಲ್ಯ ಇರುವವರು ಡಾಕ್ಟರಾಗುವುದಕ್ಕೇ ನಮ್ಮಲ್ಲಿ ಕೋರ್ಟಿಗೆ ಹೋಗಬೇಕು. ಅಂಗವೈಕಲ್ಯದ ಪ್ರಮಾಣ ಶೇಕಡಾ 40 ದಾಟಿತು ಅನ್ನುವ ಒಂದೇ ಕಾರಣಕ್ಕೆ ಮೆಡಿಕಲ್ ಸೀಟು ನಿರಾಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಪಕ್ಕದ ಬೆಂಚಿನಲ್ಲಿ ವೀಲ್‌ಚೇರಿನ ಸಹಪಾಠಿ ಐದು ವರ್ಷ ಕೂತಿದ್ದರೆ, ಏಳು ಗಂಟೆಯ ಪಾಠದ ಜಗಳವೇ ಅರ್ಧ ಮುಗಿಯುತ್ತಿತ್ತೇನೋ.

ಅಕ್ಕನ ಮಗಳನ್ನ ಆಮೇಲೆ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೋಡಿದ್ದು ಒಬ್ಬಳು ಹೌಸ್ ಸರ್ಜನ್, ಅಂದರೆ ಓದು ಮುಗಿಸಿ ತರಬೇತಿಯಲ್ಲಿರುವ ಡಾಕ್ಟರ್, ಅವಳಿಗೂ ಹೆಚ್ಚೆಂದರೆ 24 ಇರಬಹುದು. ಸ್ಟೂಲ್ ಎಳೆದುಕೊಂಡು ವೀಲ್‌ಚೇರಿನ ಎತ್ತರಕ್ಕೆ ಕೂತಳು. ಮೊದಲು ಮಾತ್ರೆಯ ಹೆಸರು ಕೇಳಿದಳು, ಮಗಳನ್ನೇ ಕೇಳಿದಳು. ಹೆಸರು ಕೇಳಿ ಪೆನ್ನು ಕೆಳಗಿಟ್ಟು, ನರರೋಗದ ವಿಭಾಗಕ್ಕೆ ಚೀಟಿ ಬರೆಯುತ್ತೇನೆ ಅಂದಳು. ಆಮೇಲೆ ಮಗಳ ಕಡೆಗೇ ನೋಡುತ್ತಾ, "ಅಮ್ಮ ಸ್ವಲ್ಪ ಹೊತ್ತು ಹೊರಗೆ ಕೂತಿರಲಾ?" ಅಂದಳು.

ಅಕ್ಕ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. "ನನ್ನನ್ನೇ ಆಚೆ ಕಳಿಸಿದ್ರು ನೋಡೇ. ಇವಳ ಮಾತು ಅವರಿಗೆ ಅರ್ಥವಾದರೂ ಆಗುತ್ತಾ?"

ಇಪ್ಪತ್ತು ನಿಮಿಷ ಆದ ಮೇಲೆ ಬಾಗಿಲು ತೆಗೆಯಿತು. ಆಟೋದಲ್ಲಿ ಅಕ್ಕ ಮೂರು ಸಲ ಕೇಳಿದಳು, ಒಳಗೆ ಏನು ಕೇಳಿದೆ ಅಂತ. ಮಗಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಕೊನೆಗೆ, ಒಂದೊಂದೇ ಅಕ್ಷರ ಎಳೆದು, "ಅದು... ನನ್... ವಿಷ್ಯ" ಅಂದಳು.